ಸದ್ಯಕ್ಕೆ ಹಾಕಿದ ತೇಪೆ ಯಾಕೆ ಹಾಗೇ ಉಳಿಯುತ್ತದೆ?

ಬೆಂಗಳೂರಿನಲ್ಲಿ "ಸದ್ಯಕ್ಕೆ" ಅನ್ನೋ ಮಾತು ಕಿವಿಗೆ ಬೀಳದ ದಿನವೇ ಇಲ್ಲ. ಸೋರುವ ಪೈಪಿಗೆ ಎಂ-ಸೀಲ್ ಮೆತ್ತಿದ ಪ್ಲಂಬರ್ "ಸದ್ಯಕ್ಕೆ ನಡೀಲಿ ಬಿಡಿ ಸಾರ್" ಅನ್ನುತ್ತಾರೆ. ಆಫೀಸಿನಲ್ಲಿ "ಸದ್ಯಕ್ಕೆ ಒಂದು ಪ್ಯಾಚ್ ಹಾಕಿಬಿಡಿ, ಮುಂದಿನ ರಿಲೀಸಿನಲ್ಲಿ ನೋಡಿಕೊಳ್ಳೋಣ" ಅನ್ನುತ್ತಾರೆ. ಮಳೆಗಾಲದಲ್ಲಿ ರಸ್ತೆ ಗುಂಡಿಗೂ ಸದ್ಯಕ್ಕೆ ಒಂದಿಷ್ಟು ಜಲ್ಲಿಪುಡಿ ಬೀಳುತ್ತದೆ. ಇದಕ್ಕೆಲ್ಲ ನಮ್ಮಲ್ಲಿ ಬಳಕೆಯಲ್ಲಿರುವ ಮಾತು ತೇಪೆ. ಹರಿದ ಬಟ್ಟೆಗೂ ತೇಪೆ, ರಸ್ತೆಗೂ ತೇಪೆ, ಸರ್ಕಾರದ ಯೋಜನೆಗೂ ತೇಪೆ. "ಬರೀ ತೇಪೆ ಕೆಲಸ" ಅಂದರೆ ಅದು ಬೈಗುಳ.

ಆ ಬೈಗುಳವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತೇಪೆ ಹಾಕದೆ ಯಾವ ಊರೂ ನಡೆಯುವುದಿಲ್ಲ, ಯಾವ ದೇಹವೂ ಬದುಕುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕೆಲವು ತೇಪೆಗಳು ಕೆಲಸ ಮುಗಿದ ಮೇಲೆ ಜಾಗ ಖಾಲಿ ಮಾಡುತ್ತವೆ. ಕೆಲವು ಮೂವತ್ತು ವರ್ಷ ಅಲ್ಲೇ ಕೂತು, ಅವನ್ನು ತೆಗೆದರೆ ಮನೆಯೇ ಬೀಳುತ್ತದೆ ಅನ್ನುವ ಮಟ್ಟಕ್ಕೆ ಬಂದುಬಿಡುತ್ತವೆ. ಯಾಕೆ ಹೀಗೆ? ನನಗೆ ತೋಚಿದ ಉತ್ತರ ಇಷ್ಟು: ತೇಪೆ ಹಾಕುವಾಗಲೇ ಅದನ್ನು ತೆಗೆಯುವುದಕ್ಕೂ ಏರ್ಪಾಡು ಮಾಡಿದ್ದೇವಾ ಇಲ್ಲವಾ ಅನ್ನೋದೇ ಮುಖ್ಯ.

ಮೊದಲು ನಮ್ಮ ಮೈಯನ್ನೇ ನೋಡೋಣ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಮೊದಲು ಬಂದು ಸೇರುವುದು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದವರ ಮನೆಯಲ್ಲಿ ಎಲ್ಲರೂ ಕೌಂಟ್ ಎಷ್ಟು ಅಂತ ಕೇಳುತ್ತಾರಲ್ಲ, ಅವೇ. ಅವು ಒಂದಕ್ಕೊಂದು ಅಂಟಿಕೊಂಡು ತೂತನ್ನು ಮುಚ್ಚುತ್ತವೆ. ಆದರೆ ಆ ಮುಚ್ಚಳ ಅಷ್ಟೇನೂ ಗಟ್ಟಿ ಇಲ್ಲ. ಆಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಅದರ ಸುತ್ತ ಬಲೆ ಕಟ್ಟುತ್ತವೆ, ಕೆಂಪು ರಕ್ತಕಣಗಳು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಎಳೆ ಎಳೆಗಳ ನಡುವೆ ಅಡ್ಡ ಬೆಸುಗೆ ಬೀಳುತ್ತದೆ. ರಕ್ತ ನಿಲ್ಲುತ್ತದೆ.

ಇಷ್ಟನ್ನು ನಾವು ಶಾಲೆಯಲ್ಲೇ ಓದಿರುತ್ತೇವೆ. ಮುಂದಿನ ಭಾಗ ಓದಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಆ ಬಲೆ ಕಟ್ಟುತ್ತಿರುವಾಗಲೇ ಪ್ಲಾಸ್ಮಿನೋಜೆನ್ ಅನ್ನೋ ಇನ್ನೊಂದು ಪ್ರೋಟೀನ್ ಅದರೊಳಗೆ ಸೇರಿಕೊಂಡು ಸುಮ್ಮನೆ ಕೂತಿರುತ್ತದೆ. ಗಾಯ ಮಾಯುತ್ತಾ ಬಂದಂತೆ ರಕ್ತನಾಳದ ಒಳಗೋಡೆಯ ಕೋಶಗಳು ಟಿಪಿಎ ಎಂಬ ಕಿಣ್ವವನ್ನು ನಿಧಾನವಾಗಿ ಬಿಡುತ್ತವೆ. ಅದು ತಾಗಿದ ಕೂಡಲೇ ಪ್ಲಾಸ್ಮಿನೋಜೆನ್ ಪ್ಲಾಸ್ಮಿನ್ ಆಗುತ್ತದೆ, ಪ್ಲಾಸ್ಮಿನ್ ಫೈಬ್ರಿನ್ ಬಲೆಯನ್ನು ತುಂಡು ತುಂಡು ಮಾಡಿ ಕರಗಿಸುತ್ತದೆ. ಅಂದರೆ ತೇಪೆಯನ್ನು ಬಿಚ್ಚುವವನು ಹಾಕಿದ ದಿನದಿಂದಲೇ ತೇಪೆಯ ಒಳಗೇ ಇದ್ದಾನೆ! ಕೋವಿಡ್ ಕಾಲದಲ್ಲಿ ನಮ್ಮ ಲ್ಯಾಬುಗಳ ಮುಂದೆ ಜನ ಡಿ-ಡೈಮರ್ ರಿಪೋರ್ಟಿಗೆ ಕಾಯುತ್ತಿದ್ದರಲ್ಲ, ಆ ಡಿ-ಡೈಮರ್ ಈ ಬಿಚ್ಚುವ ಕೆಲಸದಲ್ಲಿ ಉದುರುವ ಚೂರು. ಅದು ರಕ್ತದಲ್ಲಿ ಜಾಸ್ತಿ ಕಂಡರೆ ಎಲ್ಲೋ ಹೆಪ್ಪು ಕಟ್ಟಿ ಕರಗುತ್ತಿರಬಹುದು ಅಂತ ವೈದ್ಯರಿಗೆ ಅನುಮಾನ ಬರುತ್ತದೆ. ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡು ಪಾರ್ಶ್ವವಾಯು ಬಡಿದವರಿಗೆ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವ ಇಂಜೆಕ್ಷನ್ ಕೂಡ ಇದೇ ಟಿಪಿಎ, ಕಾರ್ಖಾನೆಯಲ್ಲಿ ತಯಾರಾದದ್ದು.

ಮುರಿದ ಮೂಳೆಯ ಕಥೆಯೂ ಹೀಗೇ. ಮೊದಲು ಮೆದುಮೂಳೆಯ ಗಂಟು, ಆಮೇಲೆ ಅವಸರದಲ್ಲಿ ಹೆಣೆದ ಒರಟು ಮೂಳೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಆ ಒರಟನ್ನು ತಿಂದು ಹಾಕುವ ಕೋಶಗಳು ಒಂದು ಕಡೆ, ಸರಿಯಾದ ಪದರಗಳನ್ನು ಕಟ್ಟುವ ಕೋಶಗಳು ಇನ್ನೊಂದು ಕಡೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ.

ಆದರೆ ಪ್ರಕೃತಿಯ ಎಲ್ಲ ತೇಪೆಗಳಿಗೂ ಈ ಭಾಗ್ಯ ಇಲ್ಲ. ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆಯ ವಂಶವಾಹಿಯನ್ನೇ ನೋಡಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಮಗುವಿಗೆ ತೀವ್ರ ಮಲೇರಿಯಾದಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಥನಿ ಆಲಿಸನ್ ಎಂಬ ವಿಜ್ಞಾನಿ ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಇಬ್ಬರಿಂದಲೂ ಬಂದರೆ ಜೀವನವಿಡೀ ನೋವು, ರಕ್ತಹೀನತೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮಲೇರಿಯಾ ತುಂಬಿದ್ದ ಕಾಡಿನಲ್ಲಿ ಆ ತೇಪೆ ಸಾವಿರಾರು ಮಕ್ಕಳನ್ನು ಉಳಿಸಿರಬೇಕು. ಈಗ ಮಲೇರಿಯಾ ಕಡಿಮೆಯಾಗಿದೆ, ತೇಪೆ ಮಾತ್ರ ಉಳಿದಿದೆ. ಜೀವವಿಕಾಸಕ್ಕೆ ಮುಂದಾಲೋಚನೆ ಇಲ್ಲ. ಆ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಮುಂದೆ ಹೋಗುತ್ತದೆ.

ನಮಗೆ ಮುಂದಾಲೋಚನೆ ಇದೆ. ಅದಕ್ಕೇ ರಸ್ತೆಯ ತೇಪೆ ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಗುಂಡಿ ಹೇಗೆ ಬೀಳುತ್ತದೆ? ಡಾಂಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕು ಬೀಳುತ್ತದೆ, ನೀರು ಇಳಿಯುತ್ತದೆ. ಮೇಲೆ ಬಸ್ಸು ಹೋದಾಗ ಆ ನೀರು ಒತ್ತಡಕ್ಕೆ ಸಿಕ್ಕಿ ಒಳಗೊಳಗೇ ಚಿಮ್ಮುತ್ತದೆ. ಸಾವಿರಾರು ಟೈರು ಉರುಳಿದ ಮೇಲೆ ಜಲ್ಲಿಯಿಂದ ಡಾಂಬರು ಕಳಚುತ್ತದೆ. ಇಲ್ಲಿ ನಮ್ಮೂರಿನ ಕಲ್ಲಿನ ಪಾತ್ರವೂ ಇದೆ. ಲಾಲ್‌ಬಾಗಿನ ಬಂಡೆ ಗೊತ್ತಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು. ನಮ್ಮ ಸುತ್ತಮುತ್ತಲಿನ ಕ್ವಾರಿಗಳ ಜಲ್ಲಿಯೂ ಹೆಚ್ಚಾಗಿ ಅದೇ ಜಾತಿಯ ನೈಸ್ ಎಂಬ ಕಲ್ಲು ಮತ್ತು ಗ್ರಾನೈಟ್. ಇವುಗಳಲ್ಲಿ ಸಿಲಿಕಾ ಜಾಸ್ತಿ. ಸಿಲಿಕಾ ಜಾಸ್ತಿ ಇರುವ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೇ ಸೆಳೆತ. ಸಂದು ಸಿಕ್ಕರೆ ನೀರು ಡಾಂಬರನ್ನು ತಳ್ಳಿ ಕಲ್ಲಿಗೆ ತಾನು ಅಂಟಿಕೊಳ್ಳುತ್ತದೆ. ಸುಣ್ಣದಕಲ್ಲಿನಲ್ಲಿ ಈ ತೊಂದರೆ ಕಡಿಮೆ, ಅದಕ್ಕೇ ಡಾಂಬರಿನ ಮಿಶ್ರಣಕ್ಕೆ ಸ್ವಲ್ಪ ಸುಣ್ಣ ಬೆರೆಸುವ ಪದ್ಧತಿಯೂ ಇದೆ.

ಈಗ ಗುಂಡಿ ಮುಚ್ಚುವುದನ್ನು ಹತ್ತಿರ ನಿಂತು ನೋಡಿ. ಸರಿಯಾಗಿ ಮಾಡಬೇಕಾದರೆ ಮೊದಲು ಗುಂಡಿಯ ಸುತ್ತ ಗಟ್ಟಿ ಜಾಗ ಸಿಗುವ ತನಕ ಚೌಕಾಕಾರದಲ್ಲಿ ಕತ್ತರಿಸಬೇಕು, ಅಂಚು ನೆಟ್ಟಗೆ ನಿಲ್ಲಬೇಕು. ಒಳಗಿನ ಮಣ್ಣು, ನೀರು ತೆಗೆದು ಒಣಗಿಸಬೇಕು. ತಳಕ್ಕೂ ಅಂಚಿಗೂ ತೆಳ್ಳಗೆ ಡಾಂಬರಿನ ಎಮಲ್ಷನ್, ಅಂದರೆ ನೀರಿನ ಜೊತೆ ಬೆರೆಸಿದ ಡಾಂಬರು, ಸವರಬೇಕು. ಆಮೇಲೆ ಸುಮಾರು 150 ಡಿಗ್ರಿಯ ಬಿಸಿ ಮಿಶ್ರಣವನ್ನು ಸುರಿದು, ಅದು 100 ಡಿಗ್ರಿಯ ಕೆಳಗೆ ಇಳಿಯುವ ಮುಂಚೆಯೇ ರೋಲರಿನಿಂದ ಒತ್ತಿ ಮುಗಿಸಬೇಕು. ತಣ್ಣಗಾದರೆ ಎಷ್ಟು ಒತ್ತಿದರೂ ಒಳಗೆ ಗಾಳಿಯ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಮತ್ತೆ ನೀರು ಸೇರುತ್ತದೆ. ಸಣ್ಣ ಗಾಡಿಯಲ್ಲಿ ತಂದ ಸ್ವಲ್ಪ ಮಿಶ್ರಣ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟರೆ, ದೊಡ್ಡ ಲಾರಿಯಲ್ಲಿ ಬರುವ ರಾಶಿಗಿಂತ ಎಷ್ಟೋ ಬೇಗ ತಣಿಯುತ್ತದೆ. ಇದನ್ನೆಲ್ಲ ಬಿಟ್ಟು, ಕೆಸರು ನೀರು ತುಂಬಿದ ಗುಂಡಿಗೆ ಮಿಶ್ರಣ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿ ಹೋದರೆ, ಮುಂದಿನ ಮಳೆಗೆ ಅದು ಏಳದೆ ಇನ್ನೇನು ಮಾಡುತ್ತದೆ? ಕೆಲಸಗಾರರನ್ನು ನಾನು ದೂರುವುದಿಲ್ಲ. ಕತ್ತರಿಸುವ ಯಂತ್ರ, ಒಣ ಹವೆ, ರಸ್ತೆ ಬಂದ್ ಮಾಡಲು ಎರಡು ಗಂಟೆ, ಇವು ಮೂರನ್ನೂ ಅವರಿಗೆ ಯಾರೂ ಕೊಟ್ಟಿರುವುದಿಲ್ಲ.

ರಸ್ತೆಯ ತೇಪೆ ಕಿತ್ತುಹೋಗುವುದಾದರೂ ಕಣ್ಣಿಗೆ ಕಾಣುತ್ತದೆ. ಇದಕ್ಕಿಂತ ಅಪಾಯ ಅಂದರೆ ತೊಂದರೆಯನ್ನೇ ಮುಚ್ಚಿಹಾಕುವ ತೇಪೆ. ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳ ಮೀಟರ್ ಬೋರ್ಡಿನಲ್ಲಿ ಬಿಳೀ ಪಿಂಗಾಣಿಯ ಫ್ಯೂಸ್ ಇರುತ್ತದೆ, ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಕಿಟ್‌ಕ್ಯಾಟ್. ಅದನ್ನು ಎಳೆದು ತೆಗೆದರೆ ಎರಡು ಸ್ಕ್ರೂ, ನಡುವೆ ಕೂದಲಿನ ಹಾಗಿರುವ ಒಂದು ತಂತಿ. ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಒಟ್ಟಿಗೆ ಹಾಕಿದರೆ ಆ ತಂತಿ ಕರಗಿ ಕರೆಂಟು ನಿಲ್ಲುತ್ತದೆ. ಕತ್ತಲಲ್ಲಿ ಫ್ಯೂಸ್ ವೈರು ಸಿಗದಿದ್ದರೆ ಏನು ಮಾಡುತ್ತಾರೆ? ಯಾವುದೋ ವೈರಿನ ನಾಲ್ಕೈದು ಎಳೆ ಹೊಸೆದು ಸುತ್ತಿಬಿಡುತ್ತಾರೆ. ದೀಪ ಬರುತ್ತದೆ. ಆಮೇಲೆ ಫ್ಯೂಸ್ ಹೋಗೋದೇ ಇಲ್ಲ, ಎಲ್ಲರಿಗೂ ಸಮಾಧಾನ.

ತಂತಿ ಕರಗಲು ಎಷ್ಟು ಕರೆಂಟು ಬೇಕು ಅನ್ನುವುದನ್ನು 19ನೇ ಶತಮಾನದಲ್ಲೇ ಬ್ರಿಟನ್ನಿನ ಇಂಜಿನಿಯರ್ ವಿಲಿಯಂ ಪ್ರೀಸ್ ಲೆಕ್ಕ ಹಾಕಿಟ್ಟಿದ್ದರು. ತಂತಿಯ ದಪ್ಪ ಎರಡು ಪಟ್ಟಾದರೆ ಅದನ್ನು ಕರಗಿಸುವ ಕರೆಂಟು ಸುಮಾರು 2.8 ಪಟ್ಟಾಗುತ್ತದೆ. 0.2 ಮಿಲಿಮೀಟರ್ ದಪ್ಪದ ತಾಮ್ರದ ತಂತಿ 7 ಆಂಪಿಯರ್ ಆಸುಪಾಸಿನಲ್ಲೇ ಕರಗುತ್ತದೆ. ಒಂದು ಮಿಲಿಮೀಟರಿನ ತಂತಿಗೆ ಸುಮಾರು 80 ಆಂಪಿಯರ್ ಬೇಕು. ಗೋಡೆಯೊಳಗಿನ ಲೈಟಿನ ವೈರು ಹದಿನೈದು ಆಂಪಿಯರ್ ಹೊರುವುದೇ ಹೆಚ್ಚು. ಹಾಗಾಗಿ ದಪ್ಪ ತಂತಿ ಸುತ್ತಿದ ಮನೆಯಲ್ಲಿ ಮೊದಲು ಬಿಸಿಯಾಗಿ ಸುಡುವುದು ಗೋಡೆಯೊಳಗಿನ ವೈರು, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಈ ತೇಪೆ ಉಳಿದುಕೊಳ್ಳುವುದು ಯಾಕೆ ಅಂದರೆ ಅದರಿಂದ ಯಾರಿಗೂ ದಿನನಿತ್ಯ ತೊಂದರೆ ಇಲ್ಲ. ನೋವು ನಿಂತ ಮೇಲೆ ನೆನಪಿಸುವವರು ಯಾರು?

ಇಂಥ ಮರೆವಿಗೆ ಅವಕಾಶವೇ ಕೊಡದಂತೆ ಕಟ್ಟಿದ ತೇಪೆಗಳೂ ಇವೆ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾಗಿ ಚೂರಲ್‌ಮಲದಿಂದ ಮುಂಡಕ್ಕೈಗೆ ಹೋಗುವ ಸೇತುವೆ ಕೊಚ್ಚಿಹೋಯಿತು. ಆಗ ಓಡಿ ಹೋದವರಲ್ಲಿ ನಮ್ಮ ಹಲಸೂರು ಕೆರೆ ದಡದ ಮದ್ರಾಸ್ ಇಂಜಿನಿಯರ್ ಗ್ರೂಪಿನ ಯೋಧರಿದ್ದರು. ಆಗಸ್ಟ್ 1ರ ಹೊತ್ತಿಗೆ 190 ಅಡಿಯ ಬೈಲಿ ಸೇತುವೆ ನಿಂತಿತ್ತು, ಮಣ್ಣು ಬಗೆಯುವ ಯಂತ್ರಗಳು, ಆಂಬ್ಯುಲೆನ್ಸುಗಳು ಆ ಕಡೆ ದಾಟಿದವು. ಡೊನಾಲ್ಡ್ ಬೈಲಿ ಎಂಬ ಇಂಜಿನಿಯರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದರು. ಒಂದೊಂದು ಉಕ್ಕಿನ ಚೌಕಟ್ಟು 10 ಅಡಿ ಉದ್ದ, ಆರು ಜನ ಎತ್ತಬಹುದಾದಷ್ಟು ಭಾರ. ವೆಲ್ಡಿಂಗ್ ಇಲ್ಲ, ಪಿನ್ನು ಬೋಲ್ಟುಗಳಲ್ಲೇ ಜೋಡಣೆ. ಒಂದು ದಡದಲ್ಲಿ ಜೋಡಿಸಿ, ಉರುಳೆಗಳ ಮೇಲೆ ಇನ್ನೊಂದು ದಡಕ್ಕೆ ತಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಪಿನ್ನು ತೆಗೆದು, ಅದೇ ಚೌಕಟ್ಟನ್ನು ಇನ್ನೊಂದು ಊರಿಗೆ ಒಯ್ಯಬಹುದು. ಬಿಚ್ಚುವುದು ಹೇಗೆ ಅನ್ನೋದನ್ನು ಕಟ್ಟುವ ಮುಂಚೆಯೇ ಯೋಚಿಸಿದ್ದಾರೆ.

ಬೆಂಗಳೂರಿನ ಲಕ್ಷಾಂತರ ಜನ ದುಡಿಯುವ ಸಾಫ್ಟ್‌ವೇರ್ ಲೋಕಕ್ಕೆ ಬಂದರೆ, ಅಲ್ಲಿ ತೇಪೆ ಮೊದಲು ನಿಜವಾದ ತೇಪೆಯೇ ಆಗಿತ್ತು. 1944ರ ಹಾರ್ವರ್ಡ್ ಮಾರ್ಕ್ 1 ಎಂಬ ಕಂಪ್ಯೂಟರಿಗೆ ಆಜ್ಞೆಗಳನ್ನು ಕೊಡುತ್ತಿದ್ದದ್ದು ತೂತು ಕೊರೆದ ಕಾಗದದ ಪಟ್ಟಿಯಿಂದ. ತಪ್ಪು ಜಾಗದಲ್ಲಿ ತೂತು ಬಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ಈಗ ಫೋನಿಗೆ ರಾತ್ರಿ ಬರುವ ಪ್ಯಾಚ್‌ಗೆ ಆ ಹೆಸರು ಬಂದದ್ದು ಅಲ್ಲಿಂದ.

ಇಂಟರ್ನೆಟ್ಟಿನ ಅತಿ ದೊಡ್ಡ ತೇಪೆ ನಿಮ್ಮ ಮನೆಯಲ್ಲೇ ಇದೆ. ಫೋನಿನ ವೈಫೈ ಸೆಟ್ಟಿಂಗ್ ತೆಗೆದು ಐಪಿ ವಿಳಾಸ, ಅಂದರೆ ಜಾಲದಲ್ಲಿ ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ, ನೋಡಿ. ಬಹಳ ಮಟ್ಟಿಗೆ 192.168 ಅಂತ ಶುರುವಾಗಿರುತ್ತದೆ. ಪಕ್ಕದ ಮನೆಯವರದೂ ಹಾಗೇ, ಜಯನಗರದಲ್ಲೂ ಅದೇ, ಜಪಾನಿನಲ್ಲೂ ಅದೇ. ಒಂದೇ ವಿಳಾಸ ಲಕ್ಷಾಂತರ ಮನೆಗಳಿಗೆ ಹೇಗೆ ಸಾಧ್ಯ? ಹಳೆಯ ಐಪಿ ವಿಳಾಸ ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸ. 1990ರ ದಶಕದ ಶುರುವಿನಲ್ಲೇ ಇವು ಮುಗಿದುಹೋಗುತ್ತವೆ ಅಂತ ಗೊತ್ತಾಯಿತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ಒಂದು ಟಿಪ್ಪಣಿ ಬರೆದರು: ಮನೆಯೊಳಗೆ ಯಾವ ವಿಳಾಸ ಬೇಕಾದರೂ ಇರಲಿ, ಬಾಗಿಲಲ್ಲಿ ಇರುವ ಪೆಟ್ಟಿಗೆ ಅದನ್ನು ಹೊರಗಿನ ವಿಳಾಸಕ್ಕೆ ಬದಲಾಯಿಸಲಿ. ಇದು ಅಲ್ಪಕಾಲದ ಪರಿಹಾರ ಅಂತ ಅವರೇ ಆ ಟಿಪ್ಪಣಿಯಲ್ಲಿ ಬರೆದಿದ್ದಾರೆ. ನಿಜವಾದ ಪರಿಹಾರ, ಅಂದರೆ ಉದ್ದನೆಯ ವಿಳಾಸಗಳ ಹೊಸ ಪದ್ಧತಿ ಐಪಿವಿ6, ಮರುವರ್ಷ 1995ರಲ್ಲೇ ಪ್ರಕಟವಾಯಿತು. ಆದರೂ ತೇಪೆ ಎಲ್ಲೂ ಹೋಗಲಿಲ್ಲ. 2011ರ ಫೆಬ್ರವರಿ 3ರಂದು ಹಂಚಲು ಇಟ್ಟಿದ್ದ ಹಳೇ ವಿಳಾಸಗಳ ಕೇಂದ್ರ ದಾಸ್ತಾನು ಖಾಲಿಯಾದ ಮೇಲೂ ಅದರ ಆಧಾರದಲ್ಲೇ ಬಂಡಿ ಓಡಿತು.

ಯಾಕೆ ಅಂದರೆ ತೇಪೆ ಚೆನ್ನಾಗಿ ಕೆಲಸ ಮಾಡಿತು, ಮತ್ತು ಅದರ ಮೇಲೆ ಬೇರೆಯವರು ಕಟ್ಟಿಕೊಂಡರು. ಇದರ ಬೆಲೆ ನಾವು ಕೊಡುತ್ತಲೇ ಇದ್ದೇವೆ. ಮನೆಯ ಸಿಸಿಟಿವಿಯನ್ನು ಊರಿನಿಂದ ನೋಡಬೇಕು ಅಂದರೆ ಹೊರಗಿನಿಂದ ನೇರವಾಗಿ ಮನೆಗೆ ಬರುವ ದಾರಿ ಇಲ್ಲ, ಸಾಮಾನ್ಯವಾಗಿ ಕಂಪನಿಯ ಸರ್ವರ್ ನಡುವೆ ನಿಲ್ಲಬೇಕು. ಅಂದರೆ ನಿಮ್ಮ ಮನೆಯ ವಿಡಿಯೋ ಬೇರೆಯವರ ಯಂತ್ರದ ಮೂಲಕ ಓಡಾಡುತ್ತದೆ. ಎಷ್ಟೋ ಮನೆಗಳು ಹೊರಗಿನ ಒಂದೇ ವಿಳಾಸ ಹಂಚಿಕೊಂಡಿರುವ ಕಡೆ ಸೈಬರ್ ಅಪರಾಧ ನಡೆದರೆ, ಐಪಿ ವಿಳಾಸ ಒಂದೇ ಸಿಕ್ಕರೆ ಪೊಲೀಸರಿಗೆ ಸಾಲದು. ಸರಿಯಾದ ಸಮಯ, ಜೊತೆಗೆ ಆ ವಿಳಾಸದಲ್ಲಿ ಯಾವ ಸಂಪರ್ಕ ಅಂತ ಗುರುತಿಸುವ ಪೋರ್ಟ್ ಸಂಖ್ಯೆ, ಎರಡೂ ಬೇಕಾಗುತ್ತವೆ. 1992ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಇಂಥದ್ದನ್ನು ಸಾಲಕ್ಕೆ ಹೋಲಿಸಿದ್ದರು. ಸ್ವಲ್ಪ ಸಾಲ ಮಾಡಿದರೆ ಕೆಲಸ ಬೇಗ ಸಾಗುತ್ತದೆ, ಬೇಗ ತೀರಿಸಿದರೆ ಸರಿ. ತೀರಿಸದೆ ಬಿಟ್ಟ ಪ್ರತಿ ದಿನಕ್ಕೂ ಬಡ್ಡಿ. ಸಮಾಧಾನದ ಸಂಗತಿ ಅಂದರೆ ಐಪಿವಿ6 ಬಳಕೆಯಲ್ಲಿ ಭಾರತ ಈಗ ಜಗತ್ತಿನ ಮುಂಚೂಣಿಯಲ್ಲಿದೆ, ನಮ್ಮ ಮೊಬೈಲ್ ಜಾಲಗಳು ದೊಡ್ಡ ಹೆಜ್ಜೆ ಇಟ್ಟಿದ್ದರಿಂದ.

ಒಂದೇ ಘಟನೆಯಲ್ಲಿ ಕೆಟ್ಟ ತೇಪೆ, ಒಳ್ಳೆಯ ತೇಪೆ ಎರಡನ್ನೂ ನೋಡಬೇಕಾದರೆ ಅಪೊಲೊ 13 ಕಥೆ ಓದಬೇಕು. 1970ರ ಏಪ್ರಿಲ್‌ನಲ್ಲಿ ಚಂದ್ರನ ಕಡೆ ಹೊರಟ ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಮೂವರು ಯಾನಿಗಳು ಚಂದ್ರನ ಮೇಲೆ ಇಳಿಯಲು ಇದ್ದ ಪುಟ್ಟ ನೌಕೆಗೆ ಹೋದರು, ಅದು ಇಬ್ಬರಿಗೆ ಅಂತ ಮಾಡಿದ್ದು. ಉಸಿರಿನ ಇಂಗಾಲದ ಡೈಆಕ್ಸೈಡ್ ಏರತೊಡಗಿತು. ಅದನ್ನು ಹೀರುವ ಡಬ್ಬಿಗಳು ದೊಡ್ಡ ನೌಕೆಯಲ್ಲಿ ಬೇಕಾದಷ್ಟಿದ್ದವು, ಆದರೆ ಅವು ಚೌಕ, ಪುಟ್ಟ ನೌಕೆಯ ಕಿಂಡಿ ದುಂಡಗೆ. ಭೂಮಿಯಲ್ಲಿದ್ದ ಇಂಜಿನಿಯರುಗಳು ನೌಕೆಯಲ್ಲಿ ಇದ್ದ ಸಾಮಾನನ್ನೇ ಮುಂದಿಟ್ಟುಕೊಂಡು, ಪ್ಲಾಸ್ಟಿಕ್ ಚೀಲ, ಕೈಪಿಡಿಯ ರಟ್ಟು, ಉಡುಪಿನ ಕೊಳವೆ, ಗಮ್ ಟೇಪು ಜೋಡಿಸುವ ದಾರಿ ಕಂಡುಹಿಡಿದು, ಹೇಗೆ ಸುತ್ತಬೇಕು ಅನ್ನುವುದನ್ನು ರೇಡಿಯೋದಲ್ಲಿ ಹಂತ ಹಂತವಾಗಿ ಓದಿ ಹೇಳಿದರು. ಮೂವರೂ ಉಳಿದರು.

ಎಲ್ಲರಿಗೂ ನೆನಪಿರುವುದು ಈ ಭಾಗ. ಟ್ಯಾಂಕ್ ಸಿಡಿದದ್ದು ಯಾಕೆ ಅನ್ನೋದು ಅಷ್ಟು ಜನರಿಗೆ ಗೊತ್ತಿಲ್ಲ. ಹಾರುವ ಕೆಲವು ವಾರ ಮುಂಚೆ ಪರೀಕ್ಷೆಯಲ್ಲಿ ಆ ಟ್ಯಾಂಕ್ ಸರಿಯಾಗಿ ಖಾಲಿಯಾಗಲಿಲ್ಲ. ಕೊಳವೆ ಸಡಿಲವಾಗಿತ್ತು. ಟ್ಯಾಂಕ್ ಬದಲಾಯಿಸಿದರೆ ತಡವಾಗುತ್ತದೆ ಅಂತ, ಒಳಗಿನ ಹೀಟರನ್ನೇ ಗಂಟೆಗಟ್ಟಲೆ ಉರಿಸಿ ಆಮ್ಲಜನಕವನ್ನು ಕುದಿಸಿ ಹೊರಹಾಕಿದರು. ಹೀಟರಿನ ಥರ್ಮೋಸ್ಟಾಟ್ ಸ್ವಿಚ್ 28 ವೋಲ್ಟಿಗೆ ಮಾಡಿದ್ದು, ನೆಲದಿಂದ ಕೊಟ್ಟದ್ದು 65 ವೋಲ್ಟ್. ಸ್ವಿಚ್ಚು ಬೆಸೆದುಕೊಂಡು ಆಫ್ ಆಗಲೇ ಇಲ್ಲ, ಒಳಗಿನ ವೈರಿನ ಮೇಲಿನ ಟೆಫ್ಲಾನ್ ಹೊದಿಕೆ ಸುಟ್ಟಿತು. ನೌಕೆ ಆ ಸುಟ್ಟ ವೈರನ್ನು ಹೊತ್ತೇ ಹಾರಿತು. ಮುಂದಿನ ಅಪೊಲೊ 14 ಹಾರುವ ಮುಂಚೆ ಟ್ಯಾಂಕಿನ ವಿನ್ಯಾಸ ಬದಲಾಯಿಸಿದರು, ಉಳಿದ ಎರಡರಿಂದ ದೂರದಲ್ಲಿ ಮೂರನೇ ಟ್ಯಾಂಕ್ ಇಟ್ಟರು. ಜೀವ ಉಳಿಸಿದ ಟೇಪಿನ ಜೋಡಣೆಯನ್ನು ಸಾಕು ಅಂತ ಬಿಡಲಿಲ್ಲ, ಬೇರಿಗೇ ಕೈ ಹಾಕಿದರು.

ಕೊನೆಯದಾಗಿ ಒಂದು ತೇಪೆಯ ಬಗ್ಗೆ ಹೇಳಲೇಬೇಕು. ಕಿಡ್ನಿ ಕಲ್ಲಿನ ಆಪರೇಷನ್ ಆದ ಎಷ್ಟೋ ಜನರಿಗೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಒಂದು ತೆಳುವಾದ ಪ್ಲಾಸ್ಟಿಕ್ ಕೊಳವೆ ಹಾಕಿರುತ್ತಾರೆ. ಎರಡೂ ತುದಿ ಇಂಗ್ಲಿಷಿನ J ಅಕ್ಷರದ ಹಾಗೆ ಸುರುಳಿ ಸುತ್ತಿರುವುದರಿಂದ ಅದಕ್ಕೆ ಡಬಲ್ ಜೆ, ಅಂದರೆ ಡಿಜೆ ಸ್ಟೆಂಟ್ ಅಂತ ಹೆಸರು. ಬಾವು ಇಳಿಯುವ ತನಕ ಮೂತ್ರ ಹರಿಯಲಿ ಅಂತ ಹಾಕಿದ್ದು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯುತ್ತಾರೆ. ಹೃದಯದ ಸ್ಟೆಂಟ್ ಜೀವನವಿಡೀ ಇರುತ್ತದೆ. ಇದು ಹಾಗಲ್ಲ. ನೋವು ಹೋಯಿತು ಅಂತ ಜನ ಮತ್ತೆ ಆಸ್ಪತ್ರೆಗೆ ಹೋಗದೆ ಇದ್ದುಬಿಡುತ್ತಾರೆ. ತಿಂಗಳುಗಳು ಉರುಳಿದಂತೆ ಕೊಳವೆಯ ಮೇಲೇ ಕಲ್ಲು ಕಟ್ಟುತ್ತದೆ, ಸೋಂಕು ಬರುತ್ತದೆ, ಕಿಡ್ನಿಯೇ ಹಾಳಾದವರೂ ಇದ್ದಾರೆ. ಇದಕ್ಕಾಗಿಯೇ ಅನೇಕ ಆಸ್ಪತ್ರೆಗಳು ಸ್ಟೆಂಟ್ ರಿಜಿಸ್ಟರ್ ಇಡುತ್ತವೆ, ತೆಗೆಯುವ ದಿನ ಬಂದಾಗ ಫೋನ್ ಮಾಡುತ್ತವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಲ್ಲಿನ ಆಪರೇಷನ್ ಆಗಿದ್ದರೆ ಈಗಲೇ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಸ್ಟೆಂಟ್ ಅಂತ ಬರೆದಿದ್ದರೆ, ಅದನ್ನು ತೆಗೆದದ್ದಕ್ಕೆ ಇನ್ನೊಂದು ಕಾಗದ ಇರಬೇಕು. ಇಲ್ಲದಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.